ಏಳು ತುಂಡು

ಮದುವೆ ವಿಡಿಯೊಗಳಲ್ಲಿ
ಗಂಡುಹೆಣ್ಣಿನ ಹೆಸರು ಕುಣಿಸುವುದು ನನ್ನ ಕಸುಬು.
ವಿಲ್ಸನ್ ಗಾರ್ಡನ್ನಿನಲ್ಲಿ, ಕೆಳಗೆ ಇಸ್ತ್ರಿ ಅಂಗಡಿ, ಮೇಲೆ ನಾನು.
ಚಿನ್ನದ ಧೂಳು ಉದುರಬೇಕು, ಗುಲಾಬಿ ಅರಳಬೇಕು,
ನಿಮಿಷಕ್ಕಿಷ್ಟು ಎಂದು ಕಾಸು.

ಇದು ಕಾಸಿನದಲ್ಲ.
ಇದಕ್ಕೆ ಒಂದೇ ಮಾತು ಸಾಕು ಅಂದುಕೊಂಡೆ:
ಬರ್ತೀನಿ.
ಹೊಸ್ತಿಲು ದಾಟುವಾಗ ಹೋಗ್ತೀನಿ ಅಂದವರು
ಇಲ್ಲಿ ಬೈಸಿಕೊಳ್ಳುತ್ತಾರಲ್ಲ, ಅದಕ್ಕೆ.

ಕೋಡ್ ಬರೆದೆ: ಪದವನ್ನು ಬಿಡಿಸು,
ಒಂದೊಂದು ಅಕ್ಷರಕ್ಕೂ ಒಂದೊಂದು ಗಾಳಿ ಕೊಡು.
ರನ್ ಒತ್ತಿದೆ.
ಮೂರಿರಬೇಕಾದ್ದು ಏಳಾಗಿ ಬಿತ್ತು.
ತ ಒಂದು ಕಡೆ, ದೀರ್ಘ ಒಂದು ಕಡೆ,
ನೆಲೆ ತಪ್ಪಿದ ಗುಡಿಸು
ಚುಕ್ಕಿಚುಕ್ಕಿಯ ಬಳೆಯೊಂದನ್ನು ತಬ್ಬಿ ನಿಂತಿತ್ತು

◌ಿ

ಎದ್ದುಹೋದವರ ಕುರ್ಚಿ ಆ ಬಳೆ.
ಯಂತ್ರಕ್ಕೆ ಗೊತ್ತಿರುವುದಿಷ್ಟೆ:
ಇಲ್ಲಿ ಯಾರೋ ಇರಬೇಕಿತ್ತು.

ಬೆಳಗಿನವರೆಗೆ ಸಂಸಾರ ಕೂಡಿಸಿದೆ.
ಅರ್ಕಾವತ್ತಿನದೇ ದೊಡ್ಡ ರಗಳೆ,
ಬಾಯಲ್ಲಿ ಮೊದಲು, ಕಾಗದದಲ್ಲಿ ಆಮೇಲೆ.
ನಾಲಗೆ ಅದನ್ನು ಆಡಿ ಮುಗಿಸಿ ಮುಂದೆ ಹೋಗಿರುತ್ತದೆ,
ಅದಿನ್ನೂ ತೀ ಹಿಂದೆ
ಚಪ್ಪಲಿ ಹುಡುಕುತ್ತ ಬರುತ್ತಿರುತ್ತದೆ.

ಅಲೆಯ ಸೂತ್ರ ಹಾಕಿದೆ: ಶಾಲೆಯ ಡ್ರಿಲ್ಲು.
ರ‍್ಯಾಂಡಮ್ ಹಾಕಿದೆ: ಕಾದ ಎಣ್ಣೆಗೆ ಸಾಸಿವೆ.
ಹೊರಡುವವರು ಹಾಗೆ ಸಿಡಿಯುವುದಿಲ್ಲ.
ಹೊರಡುವವರು ಒಂದು ಕಾಲು ಇಟ್ಟು
ಇನ್ನೊಂದು ವಿಷಯ ನೆನಪಾಗಿ ನಿಲ್ಲುತ್ತಾರೆ.

ಕಲಾಸಿಪಾಳ್ಯದ ದಸ್ತಗೀರ್ ಸಾಹೇಬರಲ್ಲಿಗೆ ಹೋದೆ.
ನಲವತ್ತು ವರ್ಷ ಲಾರಿಗಳ ಬೆನ್ನಿಗೆ ಬರೆದವರು.
ಆಮೇಲೆ ಊರಿಗೆ ಸ್ಟಿಕ್ಕರ್ ಬಂತು, ಕೈಗೆ ನಡುಕ ಬಂತು;
ಯಾವುದು ಮೊದಲೋ ನೆನಪಿಲ್ಲ ಎನ್ನುತ್ತಾರೆ.
ಪರದೆಯನ್ನು ಮಾರುದೂರ ಹಿಡಿದು ನೋಡಿದರು.

"ನೋಡಮ್ಮಾ, ಈ ಮಾತಿಗೆ ತಲೆಕಟ್ಟೇ ಇಲ್ಲ.
ಬ-ಗೆ ಇಲ್ಲ. ತೀ, ನಿ, ಎರಡಕ್ಕೂ ಗುಡಿಸು ಬಂದು ತಿಂದಿದೆ.
ಹೊರಡೋ ಅವಸರಕ್ಕೆ ರುಮಾಲು ಮರೆತಿದೆ."

ಮೂರು ವಾರ ಆ ಪದದೊಳಗೇ ಉಂಡು ಮಲಗಿದ್ದೆ,
ನನಗೆ ಕಂಡಿರಲಿಲ್ಲ.

"ಇದು ಒಣಗೋದು ಯಾವಾಗ?"
ಒಣಗಲ್ಲ ಸಾಹೇಬರೇ, ಪ್ರತಿ ಸಲ ಹೊಸದಾಗಿ ಆಡತ್ತೆ.
"ಹಂಗಾದ್ರೆ ಸಹಿ ಯಾವಾಗ ಹಾಕ್ತೀಯ?"

ಉತ್ತರ ಬರಲಿಲ್ಲ. ಟ್ಯಾಬ್ಲೆಟ್ ಮುಂದಿಟ್ಟು
ಒಂದು ಗೆರೆ ಎಳೆದುಕೊಡಿ ಅಂದೆ, ಎಡದಿಂದ ಬಲಕ್ಕೆ.
ಎಳೆದರು. ಸೊಟ್ಟ ಬಂತು ಎಂದು ಅಳಿಸಹೋದರು.
ಸೊಟ್ಟವೇ ಬೇಕಿತ್ತು ಎನ್ನಲು ನನಗೆ ನಾಚಿಕೆಯಾಯಿತು.
ಮನೆಗೆ ಬಂದು ಆ ನಡುಕವನ್ನು ಅಂಕಿಗಳಾಗಿ ಬಿಡಿಸಿ
ರ‍್ಯಾಂಡಮ್ ಇದ್ದ ಸಾಲನ್ನು ಅಳಿಸಿ
ಅಲ್ಲಿ ಕೂರಿಸಿದೆ.

ಶನಿವಾರ ರಾತ್ರಿ, ಟ್ರಾನ್ಸ್‌ಪೋರ್ಟ್ ಗೋದಾಮಿನ ಷಟರ್ ಮೇಲೆ,
ಎರವಲು ಪ್ರೊಜೆಕ್ಟರ್.
ಬ ಉಸಿರು ತುಂಬಿಕೊಂಡಿತು.
ತೀ ಒಂದು ಹೆಜ್ಜೆ ಇಟ್ಟು, ತಡೆದು, ಹಿಂದಿರುಗಿ ನೋಡಿತು.
ನೋಡಲಿದ್ದವರು ಇಬ್ಬರು ಹಮಾಲರು, ಟೀ ಫ್ಲಾಸ್ಕಿನ ಹುಡುಗ,
ಕಿಸೆಯಲ್ಲಿ ಕೈ ಇಟ್ಟುಕೊಂಡ ಸಾಹೇಬರು.

ಅಷ್ಟರಲ್ಲಿ ಕೊನೆಯ ಬಸ್ಸೊಂದು ನಡುವೆ ಬಂದು ನಿಂತಿತು.
ಪದ ಅದರ ಪಕ್ಕೆಗೆ ಹತ್ತಿತು,
ಕಿಟಕಿಯಲ್ಲಿ ತೂಕಡಿಸುತ್ತಿದ್ದ ಹೆಂಗಸಿನ ಕೆನ್ನೆಗೆ
ನಿ-ಯ ಗುಡಿಸು ಅಂಟಿ, ಅವಳ ಜೊತೆಗೇ ತೂಗಿತು.
ಸೀಟಿ. ಬಸ್ಸು ಜಾರಿತು.
ಮೊದಲು ಬ ಷಟರಿಗೆ ಇಳಿಯಿತು, ಆಮೇಲೆ ತೀ,
ಅದರ ಹಿಂದೆ ಅವಸರವಿಲ್ಲದೆ ಅರ್ಕಾವತ್ತು;
ನಿ ಮಾತ್ರ ಇನ್ನೊಂದು ಗಳಿಗೆ
ಮೈಸೂರು ರಸ್ತೆಯ ಕಡೆಗೆ ಹೊರಟಿತ್ತು.

"ಬ್ರೇಕ್ ಲೈಟ್ ಒಂದು ಹೋಗಿದೆ ಅದರದು"
ಅಂದರು ಸಾಹೇಬರು, ಬಸ್ಸನ್ನೇ ನೋಡುತ್ತ.
ಮಫ್ಲರ್ ತೆಗೆದು ತಲೆಗೆ ಬಿಗಿಯಾಗಿ ಕಟ್ಟಿಕೊಂಡರು.
ಏನೂ ಅನ್ನದೆ ನಡೆದುಬಿಟ್ಟರು.