ಸೈಟು

"ಸೈಟಂದ್ರೆ ಎಷ್ಟಕ್ಕೆಷ್ಟು?" ಅಂದರು ಹೊನ್ನೂರ್ ಸಾಬರು,
"ಮೂವತ್ತು ನಲವತ್ತಾ?"
ನಾನು ನಗಲಿಲ್ಲ. ಕೌಲ್ ಬಜಾರಿನಲ್ಲಿ ನನಗಿದು ನಾಲ್ಕನೆಯ ಸಲ.
ಫೋನು ತೆಗೆದು ತೋರಿಸಿದೆ: ಇಷ್ಟಕ್ಕಿಷ್ಟು, ಅಂಗೈಯಗಲ.
ಹೆಸರಿಗೆ ವರ್ಷಾ ವರ್ಷಾ ದುಡ್ಡು ಕಟ್ಟಬೇಕು, ಜಾಗಕ್ಕೆ ಬೇರೆ.
"ಬಾಡಿಗೆ ಕಟ್ಟೋದಾದ್ರೆ ಅದು ನನ್ನ ಸೈಟ್ ಹೆಂಗಾತವ್ವಾ?"
ಉತ್ತರ ಈಗಲೂ ನನ್ನಲ್ಲಿಲ್ಲ.
ಚಹಾ ಬಂತು.

ನಾವು ಮೂವರು. ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮೇಲಿನ ಕೋಣೆ.
ಕೋಡ್ ಬರೆಯುವವನು ತಿಪ್ಪೇಶ, ಲೆಕ್ಕ ಮತ್ತು ವಸೂಲಿ ಶಾಹಿನಾ,
ಗೆರೆ ಎಳೆಯುವವಳು ನಾನು:
ಯಾವುದು ಮೇಲೆ, ಯಾವುದು ಕೆಳಗೆ, ಯಾವುದು ಬೇಡವೇ ಬೇಡ.
ಗೋಡೆಯ ಮೇಲೆ ಬರೆದಿದ್ದೇವೆ:
ಮೊದಲು ಕೇಳು. ಆಮೇಲೆ ಕಾಗದ. ಆಮೇಲೆ ಬಣ್ಣ.
ಮುಂಗಡವಿಲ್ಲದೆ ಏನೂ ಇಲ್ಲ.
ಕೊನೆಯ ಸಾಲು ಶಾಹಿನಾಳದು; ಅಕ್ಷರವೂ ದಪ್ಪ.

ಕೇಳಿದೆ. ಏನೇನು ಬೇಕು ಸಾಬರೇ?
"ಎಲ್ಲಾ ಬೇಕು. ತಿರುಗೋದು, ಹಾರೋದು,
ಮುಂಬೈ ಕಂಪನಿದು ಐತಲ್ಲ, ಹಂಗೆ."
ಯಾರು ನೋಡ್ತಾರೆ?
"ಎಲ್ಲಾರೂ."
ಎಲ್ಲರೂ ಅಂದರೆ ಯಾರೂ ಅಲ್ಲ, ಇದು ಕಸುಬು ಕಲಿಸಿದ್ದು,
ಚಹಾ ಕುಡಿಸಿದವರ ಮುಂದೆ ಹೇಳಲಾಗದ್ದು.
ಒಂದು ದಿನ ಯೂನಿಟ್ಟಿನಲ್ಲಿ ಕೂರುತ್ತೇನೆ ಅಂದೆ.

ತಗಡಿನ ಮಾಡು. ಇಪ್ಪತ್ತೆರಡು ಯಂತ್ರ, ಒಂದೇ ಗದ್ದಲ.
ಕಟಿಂಗ್ ಮೇಜಿನ ಬಳಿ ಎರ್ರಿಸ್ವಾಮಿ
ಕಂದು ಕಾಗದದ ಮೇಲೆ ಸೀಮೆಸುಣ್ಣ ಎಳೆಯುತ್ತಿದ್ದ:
ಮುಂದಿನ ಕಾಲು, ಹಿಂದಿನ ಕಾಲು, ಜೇಬು, ಸೊಂಟಪಟ್ಟಿ.
ಬಟ್ಟೆ ಇನ್ನೂ ಸುರುಳಿಯಲ್ಲೇ ಮಲಗಿತ್ತು.
"ಅವಸರ ಬಿದ್ದು ಕತ್ರಿ ಹಾಕಿದ್ರೆ
ನೂರು ಪ್ಯಾಂಟೂ ಒಂದೇ ಸಲ ಕುಂಟ್ತಾವೆ."
ಆ ಮಾತನ್ನು ಹಾಗೇ ತಿಪ್ಪೇಶನಿಗೆ ಮೆಸೇಜು ಮಾಡಿದೆ.
ಅವನಾಗಲೇ ಕೋಡ್ ಶುರು ಮಾಡಿದ್ದ.

ಅದೇ ಕಂದು ಕಾಗದದ ಚೂರೊಂದು ಬೇಡಿ ತಂದು
ಐದು ಚೌಕ ಬರೆದೆ. ಮೇಲೆ ಹೆಸರು.
ಅಳತೆ, ಇಪ್ಪತ್ತೆಂಟರಿಂದ ನಲವತ್ತು. ಸಗಟು ದರ.
ಎಷ್ಟು ದಿನಕ್ಕೆ ಕೊಡಬಲ್ಲಿರಿ. ಫೋನ್ ನಂಬರು, ದೊಡ್ಡದಾಗಿ,
ಬಿಸಿಲಲ್ಲಿ ಕಣ್ಣು ಕಿರಿದು ಮಾಡಿ ಓದುವ ಯಾರೋ ಅಂಗಡಿಯವನಿಗೆ.
ತಿರುಗುವುದಿಲ್ಲ. ಹಾರುವುದಿಲ್ಲ.
ಸಾಬರು ಕಾಗದ ತಿರುವಿ ಹಿಂಬದಿಯನ್ನೂ ನೋಡಿದರು.
"ಇದ್ರಾಗೆ ಚಂದ ಎಲ್ಲೈತೆ?"

ಚಂದಕ್ಕೆ ಚಿತ್ರ ಬೇಕು.
ದಾರ ಕತ್ತರಿಸುವವರ ಸಾಲಿನಲ್ಲಿ ಮಾರೆಕ್ಕ
ಮುಖ ಕೊಡಲಿಲ್ಲ. "ಬ್ಯಾಡವ್ವ, ಕೈ ತಕ್ಕ. ಕೈಗೆ ಹೆಸರಿಲ್ಲ."
ಬೆರಳು ನೀಲಿ. ಉಗುರಿನ ಬುಡ ಇನ್ನಷ್ಟು.
ಸೆರಗು ಒರಸಿಕೊಂಡಲ್ಲಿ ಸೆರಗೂ.

"ಕೈ ಬೆಳ್ಳಗೆ ಮಾಡ್ರಿ" ಅಂದರು ಸಾಬರು.
ಮಾಡಬಹುದು, ಹನ್ನೊಂದು ಸೆಕೆಂಡಿನ ಕೆಲಸ.
ಮಾಡಿಯೂ ನೋಡಿದೆ.
ಆ ಕೈ ಪ್ಯಾಂಟು ಹಿಡಿದಿತ್ತು,
ಎಂದೂ ಹಿಡಿದೇ ಇರದ ಹಾಗೆ.
ಎರಡೂ ಚಿತ್ರ ಇಟ್ಟುಕೊಂಡೆ.

ತಿಪ್ಪೇಶನ ದೊಡ್ಡ ಪರದೆಯಲ್ಲಿ ಎಲ್ಲ ಸರಿ.
ಶಾಹಿನಾಳ ಹಳೇ ಫೋನಿನಲ್ಲಿ ದರಪಟ್ಟಿ ಮಂಡಿಗಿಳಿದಿತ್ತು.
"ಒಂದೇ ಸೈಜಿಗೆ ಹೊಲಿದೀಯ" ಅಂದಳು.
ಬಿಚ್ಚಿದ. ಕರೆಂಟು ಹೋಯಿತು. ಬಂತು. ಮತ್ತೆ ಹೊಲಿದ.

ಶುಕ್ರವಾರ ಹೊಸದೇನನ್ನೂ ಬಿಡಬಾರದು,
ತಿಪ್ಪೇಶ ಪಾಲಿಸುವುದು ಅದೊಂದೇ ವ್ರತ.
ನಮಾಜಾದ ಮೇಲೆ ಶುಕ್ರವಾರವೇ ಆಗಬೇಕು, ಸಾಬರ ಹಟ.
ಬಿಟ್ಟೆವು. ಏನೂ ಬೀಳಲಿಲ್ಲ.
ನೀಲಿ ಕೈಯೇ ಹೋಗಿತ್ತು. ಮರೆತೆ ಅಂದೆ.
ಮರೆತಿರಲಿಲ್ಲ.
ಸಾಬರು ಎರಡು ಬೆರಳಿಂದ ಹಿಗ್ಗಿಸಿ ಬಹಳ ಹೊತ್ತು ನೋಡಿದರು.
ಏನೂ ಅನ್ನಲಿಲ್ಲ. ಬಾಕಿ ಏಳು ಸಾವಿರದ ಬಗ್ಗೆಯೂ.

ಮೊದಲ ವಿಚಾರಣೆ ನಮ್ಮ ಕೆಳಗಿನ ಅಂಗಡಿಯಿಂದಲೇ:
ಸಾಬರೇ, ನಿಮ್ಮ ಮಷೀನು ರೆಡಿ, ಒಯ್ಯಿರಿ.
ಎರಡನೆಯದು ಗಂಗಾವತಿಯಿಂದ, ಎರಡೇ ಪದ:
ಬಣ್ಣ ಹೋಗುತ್ತಾ?

ಏನಂತ ಬರೀಲಿ ಎಂದು ಸಾಬರು ಫೋನ್ ಮಾಡಿದರು.
ಮಾರೆಕ್ಕನ್ನ ಕೇಳ್ರಿ ಅಂದೆ.