ಕೂಡ್ರಿ

ಫುಜೈರಾದ ಕೋರ್ಟಿನಲ್ಲಿ ನನ್ನ ಕೆಲಸ
ಬಾಯಿ ಬಾಡಿಗೆಗೆ ಕೊಡುವುದು.
ಗಂಟೆಗಿಷ್ಟು ದಿರ್ಹಂ. ನೀರು ಅವರದೇ.

ಆರೋಪಿಯ ಹೆಸರು ಹುಸೇನಪ್ಪ.
ಗುಮಾಸ್ತ ಎರಡು ಸಲ ಕೇಳಿದ: ಮುಸ್ಲಿಮನೋ, ಅಲ್ಲವೋ?
ಇಳಕಲ್ಲಿನ ಕಡೆ ಅಲಾಯಿ ದೇವರಿಗೆ ಹರಕೆ ಹೊತ್ತಮೇಲೆ
ಹುಟ್ಟಿದವನೆಂದು ವಿವರಿಸಲು
ಅರಬ್ಬಿಯಲ್ಲಿ ನನಗೆ ದಾರಿ ಸಿಗಲಿಲ್ಲ.
ಹೆಸರು ಅಷ್ಟೇ, ಬರೆದುಕೊಳ್ಳಿ, ಎಂದೆ.

ಕ್ರಷರಿನ ಗೇಟಿನೆದುರು ನಲವತ್ತು ಜನ.
ನಾಲ್ಕು ತಿಂಗಳ ಪಗಾರ ಬಾಕಿ.
ಹೊಸ ಕಾಯ್ದೆ ಬಂದು ಆರು ವಾರ:
ಪೊಲೀಸರು ಈಗ ಕೇಳದೆಯೇ ಫೋನು ತೆರೆಯಬಹುದು.
ತೆರೆದರು. ಕಿವಿ ಚುಚ್ಚಿಸಿಕೊಂಡು ಅಳುವ ಮಗಳು,
ಊರಿಗೆ ಹಣ ಕಳಿಸಿದ ಚೀಟಿಗಳು,
ಆಮೇಲೆ ಹನ್ನೊಂದು ಸೆಕೆಂಡಿನ ವಿಡಿಯೊ,
ಧೂಳು, ಹಳದಿ ಹೆಲ್ಮೆಟ್ಟು, ಅವನ ದನಿ:
"ಕೂಡ್ರಿ, ಎಲ್ಲಾರೂ ಕೂಡ್ರಿ."

ನ್ಯಾಯಾಧೀಶರು ನನ್ನತ್ತ ತಿರುಗಿದರು.

ನಾನು ಗಂಗೊಳ್ಳಿಯವ. ನಮ್ಮಲ್ಲಿ ಕೂಡುವುದೆಂದರೆ ಸೇರುವುದು,
ಎರಡಕ್ಕೆ ಮೂರು ಕೂಡಿದ ಹಾಗೆ.
ಅವನ ಸೀಮೆಯಲ್ಲಿ ಅದು
ಬಂದ ನೆಂಟನಿಗೆ ಚಾಪೆ ಹಾಸಿ
ಚೊಂಬು ನೀರಿಟ್ಟು ಹೇಳುವ ಮಾತು.
ಅರಬ್ಬಿಯಲ್ಲೂ ಎರಡೂ ಒಂದೇ ಉಸಿರಲ್ಲಿ ಶುರು:
ಇಜ್ಲಿಸೂ ಅಂದರೆ ಕುಳಿತುಕೊಳ್ಳಿ,
ಇಜ್ತಮಿಊ ಅಂದರೆ ಗುಂಪುಗೂಡಿ.
ಒಂದಕ್ಕೆ ಎಚ್ಚರಿಕೆ, ಇನ್ನೊಂದಕ್ಕೆ ಎರಡು ವರ್ಷ.
ಇಜ್ ಎನ್ನುವ ತನಕ
ಯಾರಿಗೂ ಏನೂ ಆಗಿರಲಿಲ್ಲ.

ಗಂಟಲು ಕೆರೆಯಿತು. ನೀರು ಕೇಳಿದೆ. ಕುಡಿದೆ.
ಇಜ್ಲಿಸೂ, ಅಂದೆ.

"ಅಂಥ ಬಿಸಿಲಲ್ಲಿ ಕೂರುವುದೇ?" ಪ್ರಾಸಿಕ್ಯೂಟರ್ ಕೇಳಿದ.
"ಲಾರಿಯ ನೆರಳಿತ್ತು" ಎಂದೆ.
ಹುಸೇನಪ್ಪ ಹಾಗೆ ಹೇಳಿರಲಿಲ್ಲ.
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ
ನನ್ನ ಬಾಯಲ್ಲಿ ನನ್ನದೇ ಒಂದು ವಾಕ್ಯ.

ದಾರಿಗೆ ಅಡ್ಡವಾದ ತಪ್ಪಂತೂ ಉಳಿಯಿತು.
ಅದಕ್ಕೆ ಜೈಲಿನ ಬದಲು
(ಇದೂ ಅದೇ ಕಾಯ್ದೆಯ ಕೊಡುಗೆ,
ಪೇಪರಿನವರು ಸುಧಾರಣೆ ಎಂದರು)
ನಲವತ್ತು ದಿನ ಕಡಲದಂಡೆ ಗುಡಿಸುವ ಶಿಕ್ಷೆ.
ಸಂಬಳವಿಲ್ಲದ ಕೆಲಸ, ಎಂದು ತಿಳಿಸಿ ಹೇಳಿದೆ.
"ರೂಢಿ ಐತ್ರಿ" ಅಂದ.
ಅದನ್ನು ನಾನು ಅನುವಾದಿಸಲಿಲ್ಲ.

ಮೊನ್ನೆ ಸಂಜೆ ಕಾರ್ನಿಶಿನಲ್ಲಿ ಕಂಡ.
ಸೂರ್ಯಕಾಂತಿ ಬೀಜದ ಸಿಪ್ಪೆ, ಐಸ್‌ಕ್ರೀಮಿನ ಕಡ್ಡಿ,
ಎಷ್ಟು ಗುಡಿಸಿದರೂ ಮತ್ತೆ ಬರುವ ಮರಳು.
ಕೇಳಬಾರದಿತ್ತು, ಕೇಳಿಬಿಟ್ಟೆ:
ಅವತ್ತು ಯಾವ ಅರ್ಥದಲ್ಲಿ ಹೇಳಿದ್ದು ಮಾರಾಯ?

ಪೊರಕೆ ಒರಗಿಸಿದ.
ಕಟ್ಟೆಯ ಮೇಲಿನ ಮರಳನ್ನು ಅಂಗೈಯಿಂದ ಸವರಿ
"ಕೂಡ್ರಿ" ಅಂದ.

ನಾನು ಮೊದಲು
ದೀಪದ ಕಂಬದ ಕ್ಯಾಮೆರಾ ನೋಡಿದೆ.