ಹಲಗೆಗೊಂದು ಮಾತು

ಬೇಕರಿ ಮುಚ್ಚಿ ಆರು ವರ್ಷ. ಆದರೂ ಭಾನುವಾರ
ಮರದ ಮೆಟ್ಟಿಲು ಹತ್ತುವಾಗ ಗೋಡೆಯೊಳಗಿಂದ
ಹುದುಗು ಬಂದ ಹಿಟ್ಟಿನ ಹುಳಿವಾಸನೆ.
ಸ್ಲೇಟುಗಣಿ ನಿಂತ ಈ ವೇಲ್ಸ್ ಊರಿನಲ್ಲಿ
ಪ್ರಾರ್ಥನಾಮಂದಿರಗಳೆಲ್ಲ ಕಾರ್ಪೆಟ್ ಅಂಗಡಿಗಳಾದ ಮೇಲೆ
ಬೇಕರಿಯ ಮಾಳಿಗೆಯಲ್ಲಿ ಉಳಿದವರು ನಾವು, ಏಳು ಜನ.
ಕೋಣೆಯ ಒಡತಿ ಟೆಗ್ವೆನ್ ಕೂಡ ನಮ್ಮವಳೇ;
ಬಾಡಿಗೆಯಲ್ಲಿ ತನ್ನ ಪಾಲನ್ನು ತನಗೇ ಕೊಟ್ಟು
ರಸೀದಿ ಬರೆದುಕೊಳ್ಳುತ್ತಾಳೆ.

ನಾನು ಮೊದಲು ಬಂದದ್ದು ಹೀಟರಿಗಾಗಿ.
ಆ ಜನವರಿ ನನ್ನ ಮನೆಯ ಮೀಟರಿನಲ್ಲಿ ಕಾಸಿರಲಿಲ್ಲ.
ಯಾಕೆ ಬಂದೆಯೆಂದು ಯಾರೂ ಕೇಳಲಿಲ್ಲ,
ಹಿಡಿ ಮುರಿದ ಕಪ್ಪಿನಲ್ಲಿ ಚಹಾ ಕೊಟ್ಟರು.
ಈಗಲೂ ಅದೇ ನನ್ನ ಕಪ್.

ಪೂಜೆಯೆಂದರೆ ಇಲ್ಲಿ ಮುಕ್ಕಾಲು ಗಂಟೆ ಸುಮ್ಮನಿರುವುದು.
ಬೊಝೆನಾಳ ಹೊಟ್ಟೆ ಗುರುಗುಟ್ಟುತ್ತದೆ,
ಬೀದಿಯಲ್ಲಿ ಬಸ್ಸು ಗೇರು ಬದಲಿಸುತ್ತದೆ,
ಐರ್ಲಿಸ್ ಸ್ವೆಟರಿನ ತೋಳು ಹೆಣೆಯುತ್ತಾಳೆ.
ಊರು ಅವಳನ್ನು ಇನ್ನೂ ಗಂಡಸಿನ ಹೆಸರಲ್ಲೇ ಕರೆಯುತ್ತದೆ;
ನಮ್ಮ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮೇಲೆ
ಟೆಗ್ವೆನ್ ಬಿಳಿ ಕಾಗದ ಅಂಟಿಸಿದ್ದಾಳೆ, ಹಿಂದಿನ ಹಾಳೆಗಳಲ್ಲೂ,
ಒಂದೊಂದಾಗಿ, ನಲವತ್ತು ಭಾನುವಾರ.
ಕೊನೆಗೆ ನಿಝಾರ್ ಫ್ರಿಜ್ಜಿನ ಕಡೆಗೆ ಚಾಪೆ ಹಾಸುತ್ತಾನೆ,
ಅತ್ತಲೇ ಅವನ ದಿಕ್ಕು.
ಕಪ್ ತೊಳೆಯುವ ನಾವು ನಲ್ಲಿಯನ್ನು ಸಣ್ಣಗೆ ಮಾಡುತ್ತೇವೆ.

ಹಲಗೆಯೊಂದು ಬೇಕೆಂದು ಮಾತು ಬಂತು.
ಗಣಿಯಿಂದ ತಂದಿಟ್ಟ ಸ್ಲೇಟು ಇದ್ವಾಲನ ಬಳಿ ಇತ್ತು,
ಉಳಿಯೂ ಇತ್ತು, ಎಪ್ಪತ್ತೊಂಬತ್ತರ ಕೈಯೂ.
ಏನು ಕೆತ್ತುವುದು?
‘ದೇವರು’ ಇರಲೇಬೇಕೆಂದಳು ಬೊಝೆನಾ.
ಯಾವ ದೇವರೆಂದು ಕೇಳಿದವಳು ನಾನೇ, ಕೇಳಬಾರದಿತ್ತು.
‘ಬೆಳಕು’ ಎಂದ ಯಾರಿಗೋ ಇದ್ವಾಲ್ ಹೇಳಿದ:
ಬಲ್ಬು ಹೋಗಿ ಎಂಟು ದಿನವಾಯಿತು.
‘ಎಲ್ಲರಿಗೂ ಸ್ವಾಗತ’ ಎಂದಾಗ ಐರ್ಲಿಸ್ ಹೆಣಿಗೆ ನಿಲ್ಲಿಸಿದಳು:
ನನ್ನನ್ನು ಹೊರಗೆ ಹಾಕಿದ ಬಾಗಿಲ ಮೇಲೂ
ಅದೇ ಇತ್ತು, ಚಿನ್ನದ ಬಣ್ಣದಲ್ಲಿ.
ವೇಲ್ಷ್ ಮೇಲೋ ಇಂಗ್ಲಿಷ್ ಮೇಲೋ ಎಂದು ಇನ್ನೊಂದು ಜಗಳ.
ನಿಝಾರ್ ನಕ್ಕ: ನನಗೆ ಎರಡೂ ಉಲ್ಟಾ.

ಮೂರನೇ ವಾರ ಬೊಝೆನಾ ಬರಲಿಲ್ಲ.
ಏಳು ಜನರಲ್ಲಿ ಒಬ್ಬರಿಲ್ಲವೆಂದರೆ ಹಲ್ಲು ಬಿದ್ದ ಬಾಯಿ,
ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ.

ಅಂದೇ, ಮೌನದ ನಡುವೆ, ಕೆಳಗೆ ಬಾಗಿಲು ತಳ್ಳಿದ ಸದ್ದು.
ಇನ್ನೊಮ್ಮೆ. ಮತ್ತೊಮ್ಮೆ, ಮೆಲ್ಲಗೆ.
ಚೌಕಟ್ಟು ಉಬ್ಬಿ ಆ ಬಾಗಿಲು ಬಿಗಿ, ನಮಗೆಲ್ಲ ಗೊತ್ತು.
ಯಾರಾದರೂ ಏಳುತ್ತಾರೆಂದು ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದೆವು,
ಮೌನ ಕೆಡುತ್ತದಲ್ಲ.
ಕೊನೆಗೆ ನಾನು ಇಳಿದಾಗ ಹೊಸ್ತಿಲ ಬಳಿ
ಮಗುವಿನ ಹಳದಿ ಉಣ್ಣೆಯ ಕೈಗವಸು, ಒಂದೇ ಒಂದು.
ಬೀದಿ ಎರಡೂ ಕಡೆ ಖಾಲಿ.

ಇದ್ವಾಲ್ ಯಾರನ್ನೂ ಕೇಳಲಿಲ್ಲ.
ಮುಂದಿನ ವಾರ ಸ್ಲೇಟು ಹೊತ್ತು ತಂದ, ಹಿಂದೆಯೇ
ಬೊಝೆನಾ, ಕೈಯಲ್ಲಿ ಮೊಳೆಗಳ ಡಬ್ಬಿ.
ಅವನು ಅವಳ ಮನೆಗೆ ಹೋಗಿ ಏನಂದನೋ, ಇಬ್ಬರೂ ಹೇಳುವುದಿಲ್ಲ.
ಕಲ್ಲಿನ ಮೇಲೆ ಇಷ್ಟೇ:
ಬಾಗಿಲು ಬಿಗಿ. ಜೋರಾಗಿ ತಳ್ಳಿ.
ಐದನೇ ಮೆಟ್ಟಿಲು ಜೋಕೆ.
ವೇಲ್ಷಿನಲ್ಲಿ, ಇಂಗ್ಲಿಷಿನಲ್ಲಿ, ಕೆಳಗೆ ಬಲದಿಂದ ಎಡಕ್ಕೆ
ನಿಝಾರನ ಚೀಟಿ ನೋಡಿ ಕೆತ್ತಿದ ಅರಬ್ಬಿಯಲ್ಲಿ.
ಒಂದು ಚುಕ್ಕೆ ಬಿಟ್ಟುಹೋಗಿದೆ.
ಇರಲಿ ಬಿಡು, ಅಂದ ನಿಝಾರ್, ಅರ್ಥವಾಗುತ್ತದೆ.

ಬಾಗಿಲನ್ನು ಕೆತ್ತಿ ಸರಿಮಾಡಬಹುದಿತ್ತು. ಬಡಗಿಗೆ ಹೇಳಿದ್ದೇವೆ,
ಅವನು ಈಸ್ಟರ್ ಆದ ಮೇಲೆ ಅಂದಿದ್ದಾನೆ.

ಅಲ್ಲಿಯವರೆಗೆ ಒಬ್ಬರು ಕೆಳಗೆ. ಇವತ್ತು ಸರದಿ ನನ್ನದು.
ಮಡಚುವ ಕುರ್ಚಿ, ಮೊಣಕಾಲಿಗೆ ಕಂಬಳಿ,
ಮೊಳೆಗೆ ತೂಗುಹಾಕಿದ ಹಳದಿ ಕೈಗವಸು, ಒಗೆದದ್ದು.
ಮೇಲೆ ಅವರು ಸುಮ್ಮನಿರುವುದು ಇಲ್ಲಿಗೂ ಕೇಳುತ್ತದೆ.
ಬಾಗಿಲ ಗಾಜಿನಾಚೆ ಯಾರೋ ನಿಂತು
ತುಟಿಯಾಡಿಸುತ್ತ ಹಲಗೆ ಓದುತ್ತಿದ್ದಾರೆ.
ಎದ್ದು ಚಿಲಕ ಹಿಡಿದಿದ್ದೇನೆ.
ಅವರು ತಳ್ಳಿದಾಗಲೇ ನಾನೂ ಎಳೆಯಬೇಕು.